ಹಿಮ್ಮಡಿಯೊಳಗಿನ ಪೊಳ್ಳು

ರಾಯಚೂರು ಕಡೆಯ ಹೇಮಾಕ್ಷಿ ವಿಶಾಖಪಟ್ಟಣದ ಫಣಿಯನ್ನು ಮದುವೆಯಾಗಿ ಬಂದವಳು. ಊರಾಚೆಯ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಬಾಟಲಿ ತೊಳೆಯುವ ಕೆಲಸ. ಗುತ್ತಿಗೆಯವರನ್ನು ಕಾಯಂ ಮಾಡಿ ಎಂದು ಅವಳ ಜೊತೆ ಕೆಲಸ ಮಾಡುವ ನಾವೆಲ್ಲ ಮುಷ್ಕರ ಹೂಡಿದಾಗ ಕಂಪನಿ ಬಸ್ಸಿನ ಮುಂದೆ ಅಂಗಾತ ಮಲಗಿದ್ದು ಅವಳೊಬ್ಬಳೇ. ಅಂಥವಳು ವಿಜಯವಾಡದ ರೈಲು ಹತ್ತಲು ಅಂಜಿದಳು.

ಆರು ವರ್ಷದ ಹಿಂದೆ ಅವಳ ಮಗ ಚಂದು ವಿಜಯವಾಡದ ಆಸ್ಪತ್ರೆಯಲ್ಲೇ ಸತ್ತಿದ್ದ. ಮೊಣಕಾಲ ಮೂಳೆಯ ಕ್ಯಾನ್ಸರ್. ಮೊದಲ ದಿನ ಎಕ್ಸ್‌ರೇ ನೋಡಿದ ಡಾಕ್ಟರು "ಸಣ್ಣ ಪೊಳ್ಳಮ್ಮ, ಏನಿಲ್ಲ" ಎಂದಿದ್ದರು. ಆ ಏನಿಲ್ಲ ಹತ್ತು ತಿಂಗಳಲ್ಲಿ ಹುಡುಗನನ್ನು ತಿಂದುಹಾಕಿತು.

ಈ ವರ್ಷ ಒಂಬತ್ತರ ಮಗಳು ಹಿಮಬಿಂದು ಹಿಮ್ಮಡಿ ನೋವೆಂದಳು. ಎಕ್ಸ್‌ರೇಯಲ್ಲಿ ಮತ್ತೆ ಪೊಳ್ಳು. ಹೇಮಾಕ್ಷಿ ಆ ಎಕ್ಸ್‌ರೇಯನ್ನು ಗಂಡನಿಗೂ ತೋರಿಸದೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು. "ಉಳುಕ್ಯದ" ಎಂದು ಎರಡು ತಿಂಗಳು ಎಣ್ಣೆ ತಿಕ್ಕಿದಳು. ಮಧ್ಯಾಹ್ನ ಒಬ್ಬಳೇ ಇದ್ದಾಗ ಅಂಗಳದಲ್ಲಿ ಚಂದುವಿನ ಕುಂಟು ಹೆಜ್ಜೆ ಕೇಳುತ್ತಿತ್ತಂತೆ. ಕೊನೆಗೆ ಹುಡುಗಿ ಶಾಲೆಯ ಮೆಟ್ಟಿಲಿಂದ ಜಿಗಿದಾಗ ಮೂಳೆ ಬಿರುಕು ಬಿಟ್ಟು ಎಲ್ಲ ಬಯಲಾಯಿತು. ಫಣಿ ಬೈಯಲಿಲ್ಲ. ಟಿಕೆಟ್ ತಂದ. ಮಕ್ಕಳ ಮೂಳೆಯ ಆಪರೇಷನ್‌ಗೆ ಒಳ್ಳೆಯವರೆಂದು ಎಲ್ಲರೂ ಹೇಳಿದ ಡಾಕ್ಟರು ವಿಜಯವಾಡದಲ್ಲೇ ಇದ್ದರು.

ಬಳ್ಳಾರಿಯಲ್ಲಿ ಓದಿದ್ದ ಡಾಕ್ಟರ್ ಮಾಧವೀಲತಾ ಕನ್ನಡದಲ್ಲೇ ಹೇಳಿದರು: "ನೋಡೋಕೆ ನೀರು ತುಂಬಿದ ಗುಳ್ಳೆ. ಕೆರೆದು ತೆಗೆದು, ಅವಳದೇ ಸೊಂಟದ ಮೂಳೆಯ ಚೂರು ತುಂಬ್ತೀವಿ. ಕೆರೆದದ್ದು ಪರೀಕ್ಷೆಗೆ ಹೋಗುತ್ತೆ."

"ಏನಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ."

"ಹೇಳಲ್ಲ. ತೆರೆದು ನೋಡಿ ಹೇಳ್ತೀನಿ."

ಒಪ್ಪಿಗೆ ಪತ್ರದ ಮೇಲೆ ಪೆನ್ನು ಹಾಗೇ ಬಿದ್ದಿತ್ತು. ಮಂಚದಿಂದ ಮಗಳು ಗೊಣಗಿದಳು: "ಬೇಗ ಸಂತಕಂ ಹಾಕಮ್ಮಾ. ಆಪರೇಷನ್ ಅಂತ ನನ್ನ ಉಪವಾಸ ಇಟ್ಟು ನೀನು ಇಡ್ಲಿ ತಿಂದು ಬಂದಿ."

"ತಿಂದಿಲ್ಲೇ."

"ಬಾಯಾಗ ಚಟ್ನಿ ವಾಸನೆ ಹೊಡೀತದ."

ಹೇಮಾಕ್ಷಿ ಸಹಿ ಹಾಕಿದಳು.

ಎರಡು ತಾಸಿನ ಮೇಲೆ ಆಪರೇಷನ್ ಮುಗಿಸಿ ಡಾಕ್ಟರು ಸಿರಿಂಜಿನಲ್ಲಿ ತಿಳಿಹಳದಿ ನೀರು ತಂದು ತೋರಿಸಿದರು. ಹತ್ತು ದಿನಕ್ಕೆ ವರದಿಯೂ ಬಂತು: ಬರೀ ಗುಳ್ಳೆ, ಕ್ಯಾನ್ಸರ್ ಅಲ್ಲ.

"ಒಬ್ಬಾಕಿಗೆ ನೀರು, ಒಬ್ಬಾತಗ ಅದು. ಯಾಕ್ರಿ?"

"ಗೊತ್ತಿಲ್ಲಮ್ಮ."

"ಖರೆ ಹೇಳಿದ್ರಿ ನೋಡ್ರಿ."

ಪಟ್ಟಿ ಹಾಕಿದ ಕಾಲಿನ ಮಗಳನ್ನು ಎತ್ತಿಕೊಂಡು ಫಣಿ ಹೊರಗೆ ನಡೆದ. ಹೇಮಾಕ್ಷಿ ಬಾಗಿಲು ಹಿಡಿದೇ ನಿಂತಳು. ಅವರಿಬ್ಬರೂ ದಾಟಿಯಾದ ಮೇಲೂ ಬಿಡಲಿಲ್ಲ, ಒಳಗಿನಿಂದ ಇನ್ನೂ ಒಬ್ಬ ಬರುವುದಿದೆ ಎಂಬಂತೆ.