ಡಿ ಡ್ರೈವಿಗೆ ಹೋದ ಮಾವಿನ ಮರಗಳು

ಬ್ಯಾಟರಿ ಮೂರು ಪರ್ಸೆಂಟಿಗೆ ಇಳಿದಿತ್ತು ಎಂದು ಈ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹೇಳುವಾಗ ಒಮ್ಮೆ ಎರಡಕ್ಕೂ ಇಳಿಸಿದ್ದೆ. ಈಚೆಗೆ ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಹೊಳೆಯಿತು: ಆ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಬ್ಯಾಟರಿಯ ಗುರುತೇ ಇರಲಿಲ್ಲ. ಕಪ್ಪು ಪರದೆ, ನಿಧಾನಕ್ಕೆ ಉದ್ದವಾಗುವ ಒಂದು ಬಿಳಿ ಪಟ್ಟಿ, ಕೆಳಗೆ ಒಂದೆರಡು ಸಾಲು ಇಂಗ್ಲಿಷು, ಅಷ್ಟೇ. ಹಾಗಾದರೆ ಆ ಮೂರನ್ನು ನಾನು ಎಲ್ಲಿ ನೋಡಿದೆ?

ಎಲ್ಲೂ ನೋಡಿಲ್ಲ. ಕಥೆಗೆ ಬೇಕಾಗಿತ್ತು, ತಲೆ ಒದಗಿಸಿಕೊಟ್ಟಿತು. ಧಾರವಾಡದಲ್ಲಿ ಇತಿಹಾಸ ಓದುವಾಗ ಯಾವ ಮಾತಿಗೂ ಸಾಕ್ಷಿ ಎಲ್ಲಿ ಎಂದು ಕೇಳುವುದನ್ನು ಕಲಿತವನು ನಾನು. ನನ್ನ ಮಾತಿಗೆ ಮಾತ್ರ ಇಷ್ಟು ದಿನ ಕೇಳಿಕೊಂಡಿರಲಿಲ್ಲ. ಒಂದು ಎಳೆ ಸಡಿಲವಾದ ಮೇಲೆ ಉಳಿದದ್ದೂ ಅಲ್ಲಾಡತೊಡಗಿತು. ಪ್ಲಗ್ ಕಿತ್ತಾಗ ಕರೆಂಟ್ ಇತ್ತೋ ಇಲ್ಲವೋ, ಆ ಮಾತು ಆಡಿದ್ದು ಆಯಿಯೋ ಅಕ್ಕನೋ, ಈಗ ಯಾವುದನ್ನೂ ಆಣೆ ಮಾಡಿ ಹೇಳಲಾರೆ. ಅಕ್ಕನ ಕಥೆಯೇ ಬೇರೆ ಇದೆ. ಆಯಿಯನ್ನು ಕೇಳಿದರೆ, “ಎಂತಾ ಆಗ್ಲಿಲ್ಲ ಬಿಡು” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ.

ಅನುಮಾನ ಇಲ್ಲದ ಕಡೆಯಿಂದ ಶುರು ಮಾಡುತ್ತೇನೆ. ನನ್ನ ಆಯಿ, ಅಂದರೆ ತಾಯಿ, ಅಂಕೋಲೆಯಲ್ಲಿದ್ದಾಳೆ. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹೆದ್ದಾರಿ ಅಗಲವಾಗುವುದು ಖಾತ್ರಿಯಾಗಿ, ರಸ್ತೆ ಬದಿಯ ಮರಗಳ ಮೈಮೇಲೆ ಬಣ್ಣದ ನಂಬರು ಬಿದ್ದ ಬೇಸಿಗೆಯಲ್ಲಿ ಅವಳೊಂದು ಸಣ್ಣ ಕ್ಯಾಮೆರಾ ಹಿಡಿದು ಹೊರಟಳು. ಇಶಾಡಿನಂಥ ಹೆಸರಾದ ಮಾವಿನ ಚಿಂತೆ ಅವಳಿಗಿರಲಿಲ್ಲ. ಅದನ್ನು ನೋಡಿಕೊಳ್ಳಲು ತೋಟದವರಿದ್ದಾರೆ, ಕೊಳ್ಳುವವರಿದ್ದಾರೆ. ಅವಳಿಗೆ ಬೇಕಾದದ್ದು ಹೆಸರಿಲ್ಲದ ಕಾಟು ಮಾವು. ಬಸ್ಸಿಗೆ ಕಾಯುವವರು ಕಲ್ಲು ಹೊಡೆದು ಬೀಳಿಸಿ, ಜೇಬಿನಿಂದ ಉಪ್ಪು ತೆಗೆದು ತಿನ್ನುತ್ತಿದ್ದ ಕಾಯಿಗಳು. ಪ್ರತಿ ಮರಕ್ಕೂ ಅವಳದೊಂದು ಕ್ರಮ: ಮೊದಲು ಇಡೀ ಮರ, ಆಮೇಲೆ ಎಲೆ, ಅಂಗೈಯ ಮೇಲೆ ಕಾಯಿ, ಕೊಯ್ದ ಹೋಳು, ಕೊನೆಗೆ ಗೊರಟೆ. ಒಂದೊಂದು ಮರಕ್ಕೆ ಒಂದೊಂದು ಫೋಲ್ಡರು. ಅವಕ್ಕೆ ಇಟ್ಟ ಹೆಸರುಗಳೂ ಹಾಗೇ: ‘ಅವರ್ಸಾ, ಜೀರಿಗೆ ವಾಸನೆ’, ‘ಸೊನೆ ಜಾಸ್ತಿ, ಉಪ್ಪಿನಕಾಯಿಗೆ ಅಡ್ಡಿಲ್ಲ’, ‘ಬಾಳೆಗುಳಿ ತಿರುವು, ಹುಳಿಯೆಂದರೆ ಹುಳಿ’. ಮುಂದಿನ ವರ್ಷಗಳಲ್ಲಿ ಆ ಮರಗಳಲ್ಲಿ ಹೆಚ್ಚಿನವು ಉರುಳಿದವು. ಉಳಿದದ್ದು ಆಯಿಯ ಫೋಲ್ಡರುಗಳು.

ಅವು ಹಳೆಯ ಕಂಪ್ಯೂಟರಿನಲ್ಲಿ, ಡಿ ಡ್ರೈವಿನಲ್ಲಿದ್ದವು. ಡಿ ಎಂದರೆ ಆಯಿಗೆ ಬಹಳ ನಂಬಿಕೆ. ಹಿಂದೊಮ್ಮೆ ರಿಪೇರಿಯವನು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗ ಸಿ ಡ್ರೈವಿನಲ್ಲಿದ್ದ ಅವಳ ಪಾಠದ ಚಿತ್ರಗಳೆಲ್ಲ ಹೋಗಿ, ಡಿಯಲ್ಲಿದ್ದವು ಅಲುಗದೆ ಉಳಿದಿದ್ದವು. ಅಂದಿನಿಂದ ಅವಳ ಲೆಕ್ಕದಲ್ಲಿ ಸಿ ಎಂದರೆ ಜಗಲಿ. ಯಾರು ಬೇಕಾದರೂ ಹತ್ತಿ ಇಳಿಯುವ ಜಾಗ.

ಹಳೆಯದು ಹೊತ್ತು ಹೊತ್ತಿಗೆ ಕರಕರ ಸದ್ದು ಮಾಡತೊಡಗಿದಾಗ ನಾನು ಕಾರವಾರದಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡೆ. ವಿಂಡೋಸ್ ಹಾಕಿಯೇ ಬಂದಿತ್ತು. ನನ್ನ ಸಣ್ಣ ಪೆನ್‌ಡ್ರೈವಿನಲ್ಲಿ ತುಂಬುವುದು, ಹೊಸದಕ್ಕೆ ಸುರಿಯುವುದು, ಅಳಿಸಿ ಮತ್ತೆ ತುಂಬುವುದು, ಹೀಗೆ ಕೊಡದಲ್ಲಿ ನೀರು ಹೊತ್ತ ಹಾಗೆ ಫೋಟೋಗಳನ್ನೆಲ್ಲ ಸಾಗಿಸಿದೆ. ಆ ವಾರವೇ ಹಳೆಯದು ಪೂರ್ತಿ ನಿಂತಿತು. ಆಯಿ ಹೊಸದಕ್ಕೆ ಕುಂಕುಮ ಹಚ್ಚಿ, ಮುಚ್ಚಳದ ಮೇಲೊಂದು ದಾಸವಾಳ ಇಟ್ಟು, ಹೂ ಬಾಡಿದ ಮೇಲೆ ಮುಚ್ಚಳ ತೆರೆದು ನೋಡಿದಳು.

“ಡಿ ಎಲ್ಲಿ ಅದೆ ತಮಾ?”

“ಇದಕ್ಕೆ ಸಿ ಒಂದೇ ಆಯಿ. ಈಗೆಲ್ಲಾ ಹಾಗೇ ಬರೂದು.”

“ನನ್ನ ಮರ ಎಲ್ಲಾ ಸಿ ಒಳಗೆ ಅದೆಯಾ?”

“ಸಿ ಆಗ್ಲಿ ಡಿ ಆಗ್ಲಿ, ಎರಡೂ ಒಂದೇ ಡಿಸ್ಕಲ್ಲಿ ಇರೂದು. ಡಿಸ್ಕ್ ಕೆಟ್ರೆ ಎರಡೂ ಹೋಗ್ತದೆ.”

“ಮನೆ ಬಿದ್ರೆ ಎಲ್ಲಾ ಕೋಣೆನೂ ಬೀಳ್ತದೆ, ಅಷ್ಟು ನಂಗೂ ಗೊತ್ತದೆ. ಹಂಗಂತ ಅಕ್ಕಿ ಚೀಲ ಜಗಲಿ ಮೇಲೆ ಇಡ್ತಾರಾ?”

ನಾನು ವಾದ ಮುಂದುವರಿಸಿದೆ. ಬೇರೊಂದು ಡಿಸ್ಕಿನಲ್ಲಿ ಕಾಪಿ ಇಡುವುದೇ ನಿಜವಾದ ರಕ್ಷಣೆ, ಅದನ್ನು ಮಾಡಿಕೊಡುತ್ತೇನೆ ಎಂದೆ. “ಅದೂ ಮಾಡು, ಇದೂ ಮಾಡು” ಎಂದಳು. ಮುಂದಿನ ಭಾನುವಾರ ಹೋದಾಗಲೂ ಅದೇ ಮಾತು. ಅವತ್ತು ಹಿಲ್ಲೂರಿಂದ ಅಕ್ಕ ಬಂದಿದ್ದಳು, ಗಂಡನ ಮನೆಯ ಹಲಸಿನ ಹಣ್ಣು ಹೊತ್ತುಕೊಂಡು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ನೆಲದ ಮೇಲೆ ಪೇಪರ್ ಹಾಸಿ ಹಣ್ಣು ಬಿಡಿಸುತ್ತಿದ್ದವಳು ಕೂತಲ್ಲಿಂದಲೇ ಹೇಳಿದಳು: “ಮಾಡಿ ಕೊಡಾ ಮಾರಾಯ. ಕಾಲೇಜಲ್ಲಿ ನಿಂಗೆ ವಾದ ಮಾಡೂಕೇ ಪಗಾರ ಕೊಡ್ತ್ರಾ?”

ಹಾಗೆ ಕೂತೆ. ಡಿಸ್ಕಿನ ಭಾಗಗಳನ್ನು ತೋರಿಸುವ ಚಿತ್ರ ತೆರೆದರೆ ಮೊದಲಿಗೆ ಯಂತ್ರ ಶುರುವಾಗಲು ಬೇಕಾದ ಒಂದು ಕಿರಿದಾದ ಭಾಗ, ಕೊನೆಯಲ್ಲಿ ಕೆಟ್ಟರೆ ಸರಿಪಡಿಸಲು ಕಂಪನಿಯವರು ಕಾದಿಟ್ಟ ಇನ್ನೊಂದು, ನಡುವೆ ಎಲ್ಲ ಜಾಗವನ್ನೂ ಹಿಡಿದುಕೊಂಡ ಸಿ. ಸಿಯನ್ನು ಕುಗ್ಗಿಸಲು ಹೇಳಿದರೆ ವಿಂಡೋಸು ಬಿಟ್ಟುಕೊಟ್ಟದ್ದು ಒಂದು ಚೂರು. ಮಧ್ಯದಲ್ಲಿ ಯಾವುದೋ ಫೈಲು ಕೂತಿದೆ, ಏಳುವುದಿಲ್ಲ. ಬಸ್ಸಿನ ನಡುದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರ ಹಾಗೆ. ಅಷ್ಟರಲ್ಲಿ ತೃಪ್ತಿಪಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಅಂಥ ಫೈಲುಗಳನ್ನೂ ಎಬ್ಬಿಸಿ ಸರಿಸುವ ಒಂದು ಪ್ರೋಗ್ರಾಮನ್ನು ಇಳಿಸಿಕೊಂಡೆ. ಅದು ಲ್ಯಾಪ್‌ಟಾಪನ್ನು ಒಮ್ಮೆ ಮುಚ್ಚಿ ತೆರೆದು, ವಿಂಡೋಸ್ ಏಳುವ ಮೊದಲೇ ಕೆಲಸ ಮಾಡುತ್ತದೆ. ಕೆಲಸ ಮುಗಿಯುವ ತನಕ ವಿದ್ಯುತ್ ತಪ್ಪಿಸಬೇಡಿ ಎಂದು ಅದು ಎಚ್ಚರಿಸಿತು. ಬೆಳಿಗ್ಗೆಯಿಡೀ ಆಯಿ ಪಕ್ಕದ ಮನೆಯವರಿಗೆ ಮರಗಳನ್ನು ತೋರಿಸಿ ಬ್ಯಾಟರಿ ತುಂಬ ಇಳಿಸಿದ್ದಳು. ಚಾರ್ಜರನ್ನು ಫ್ರಿಜ್ಜಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ, ಹೂಂ ಒತ್ತಿದೆ. ಕಾಪಿ ಇಡಬೇಕಾದ ಖಾಲಿ ಡಿಸ್ಕು ಕಾರವಾರದ ಮನೆಯಲ್ಲಿ ಮೇಜಿನ ಮೇಲೇ ಉಳಿದಿತ್ತು. ಮೇ ತಿಂಗಳ ಕೊನೆ. ಮಧ್ಯಾಹ್ನದ ಮೇಲೆ ಕಿಟಕಿಯಾಚೆ ಆಕಾಶ ಯಾವ ಬಣ್ಣಕ್ಕೆ ತಿರುಗಿದೆ ಎಂದು ನಾನು ನೋಡಿರಲಿಲ್ಲ.

ನಮ್ಮ ಕಡೆ ಮನೆಗಳಲ್ಲಿ ಮೊದಲ ಗುಡುಗಿಗೆ ಏನಾಗುತ್ತದೆ ಎಂದು ಈ ಕರಾವಳಿಯವರಿಗೆ ಹೇಳಬೇಕಿಲ್ಲ. ಅಜ್ಜಿ ಇದ್ದಾಗ ಕತ್ತಿಯೊಂದು ಅಂಗಳಕ್ಕೆ ಹಾರಿ ಬೀಳುತ್ತಿತ್ತು, ಸಿಡಿಲು ಕಬ್ಬಿಣಕ್ಕೆ ಹೋಗಲಿ ಎಂದು. ವಿಜ್ಞಾನದ ಟೀಚರಾದ ಆಯಿ ಕತ್ತಿಯನ್ನು ಕೈಬಿಟ್ಟು ಪ್ಲಗ್ಗುಗಳನ್ನು ಹಿಡಿದಳು. ದೂರದಲ್ಲಿ ಗುಡ್ಡದ ಹಿಂದೆ ಒಮ್ಮೆ ಗುಡುಗಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಏಳುತ್ತಾಳೆ. ಟಿವಿ, ಮಿಕ್ಸರ್, ಪಂಪು, ಫೋನಿನ ಚಾರ್ಜರು. ಯೋಚಿಸಿ ಮಾಡುವುದಲ್ಲ ಅದು. ಸಂಜೆ ದೀಪ ಹಚ್ಚುವಂತೆ, ಕೈ ತಾನೇ ಹೋಗುತ್ತದೆ. ಕೊನೆಗೆ ಫ್ರಿಜ್ಜು.

“ಆಯೀ, ಅದ್ನ ತೆಗೀಬೇಡಾ!”

ತೆಗೆದಾಗಿತ್ತು. ಬೋರ್ಡಿನ ಪ್ಲಗ್ ಅವಳ ಕೈಯಲ್ಲಿತ್ತು.

“ಗುಡುಗ್ತಾ ಅದೆ, ಕೇಳ್ಸೂದಿಲ್ವಾ?”

“ಲ್ಯಾಪ್‌ಟಾಪ್ ಕೆಲಸ ಮಾಡ್ತಾ ಅದೆ ಆಯಿ. ಬ್ಯಾಟರಿ ಹೆಚ್ಚಿಲ್ಲ. ಮಧ್ಯ ನಿಂತ್ರೆ ನಿನ್ನ ಮರ ಎಲ್ಲಾ ಹೋಗ್ತದೆ.”

ಆಯಿ ಕಪ್ಪು ಪರದೆಯನ್ನು ನೋಡಿದಳು. “ಈಗ ಮರ ಎಲ್ಲಿ ಅದೆ? ಸಿ ಒಳಗಾ, ಡಿ ಒಳಗಾ?”

“ಡಿ ಇನ್ನೂ ಆಗ್ಲಿಲ್ಲ. ಸಿ ಒಳಗೆ ಇದ್ದದ್ದನ್ನ ಎತ್ತಿ ಎತ್ತಿ ಒಂದು ಬದಿಗೆ ಇಡ್ತಾ ಅದೆ.”

“ಅಂದ್ರೆ ಅಂಗಳದಲ್ಲಿ ಅದೆ ಅನ್ನು.”

“ಹೆಚ್ಚುಕಮ್ಮಿ ಹಾಗೇ.”

“ಸಿಡಿಲು ಬರೂ ಹೊತ್ತಿಗೆ ಸರೀ ಅಂಗಳಕ್ಕೆ ತಂದಿಟ್ಟೆ ನೋಡು! ಬೇರೆ ಕಾಪಿ ಅದೆ ಅಲ್ವಾ?”

ನಾನು ಪ್ಲಗ್ಗಿಗೆ ಕೈ ಚಾಚಿದೆ. ಅವಳು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಳು, ಮಕ್ಕಳಿಂದ ಬೆಲ್ಲದ ಡಬ್ಬಿ ಅಡಗಿಸುವವರ ಹಾಗೆ.

“ಮುಟ್ಟಬೇಡ.”

“ಫೋಟೋ ಹೋಗ್ತದೆ ಆಯಿ!”

“ಹೋದ್ರೆ ಹೋಗ್ಲಿ. ಮರಾನೇ ಹೋಯ್ತು. ಸಿಡಿಲು ಬಡ್ದು ನೀ ಹೋದ್ರೆ ನಿನ್ನ ಕಾಪಿ ನಾ ಎಲ್ಲಿಂದ ತರ್ಲಿ?”

ಈ ಮಾತು ನನ್ನ ನೆನಪಿನಲ್ಲಿ ಆಯಿಯದು. ಅಕ್ಕ ಅದು ತನ್ನ ಮಾತು ಎನ್ನುತ್ತಾಳೆ, ಆಯಿಗೆ ಅಷ್ಟೆಲ್ಲ ನಾಟಕ ಬರುವುದಿಲ್ಲವಂತೆ. ಇಬ್ಬರಲ್ಲಿ ಯಾರೋ ಒಬ್ಬರು ಹೇಳಿದ್ದಂತೂ ಹೌದು. ಇಂಥ ವಾಕ್ಯವನ್ನು ನನ್ನ ತಲೆ ತಾನಾಗಿ ಕಟ್ಟಲಾರದು. ಹಲಸಿನ ಮೇಣ ಮೆತ್ತಿದ ಎರಡೂ ಕೈಗಳನ್ನು ಮೇಲೆ ಹಿಡಿದುಕೊಂಡು ಅಕ್ಕ ಬಾಗಿಲಲ್ಲಿ ಬಂದು ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

“ಮೇಲೆ ಕಾಣಿ ಇಬ್ರೂ” ಎಂದಳು. “ಫ್ಯಾನ್ ನಿಂತದೆ. ಕರೆಂಟೇ ಇಲ್ಲ. ಯಾವ ಪ್ಲಗ್‌ಗೆ ಜಗಳ ಆಡ್ತ್ರಿ ನೀವು?”

ಫ್ಯಾನು ನಿಂತೇ ಇತ್ತು. ಆಯಿ ಪ್ಲಗ್ ಕೀಳುವ ಮೊದಲೇ ನಿಂತಿತ್ತೆಂದು ಅಕ್ಕ ಹೇಳುತ್ತಾಳೆ, ನಮ್ಮ ಜಗಳದ ನಡುವೆ ನಿಂತಿತೆಂದು ನಾನು. ಆಯಿ ಪ್ಲಗ್ಗನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಮಾಡುವಂಥದ್ದು ಮೂವರಿಗೂ ಏನೂ ಉಳಿದಿರಲಿಲ್ಲ. ಲ್ಯಾಪ್‌ಟಾಪಿನ ಬದಿಯ ಸಣ್ಣ ದೀಪ ಕಿತ್ತಳೆಗೆ ತಿರುಗಿತ್ತು, ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು. ಮಳೆ ಹೆಂಚಿನ ಮೇಲೆ ಒಮ್ಮೆಲೇ ಬಿತ್ತು, ಮಾತು ಕೇಳದಷ್ಟು.

ಬಿಳಿ ಪಟ್ಟಿ ಅಲುಗಿದಂತೆಯೇ ಕಾಣುತ್ತಿರಲಿಲ್ಲ. ನಾನು ಎಡಗೈ ಹೆಬ್ಬೆರಳಿನ ಉಗುರನ್ನು ಕೆರೆಯುತ್ತಿದ್ದೆ. ಧಾರವಾಡದ ಹಾಸ್ಟೆಲಿನ ಬಾಗಿಲಿಗೆ ಸಿಕ್ಕಿ ಒಡೆದ ಉಗುರದು; ಬುಡದಿಂದ ತುದಿಯವರೆಗೆ ಓರೆಯಾಗಿ ಒಂದು ಗೀರು ಈಗಲೂ ಇದೆ, ಆತಂಕವಾದಾಗ ಬೆರಳು ಅಲ್ಲಿಗೇ ಹೋಗುತ್ತದೆ. “ಅದ್ನ ಕೆರೀಬೇಡ” ಎಂದು ಆಯಿ ನನ್ನ ಕೈ ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆ, ಮರಗಳನ್ನು ಹೇಳತೊಡಗಿದಳು.

ರಸ್ತೆಯಲ್ಲಿ ಇದ್ದ ಕ್ರಮದಲ್ಲೇ ಹೇಳಿದಳು. ಒಂದು ಮರ ಹೇಗೆ ರಸ್ತೆಯತ್ತ ಬಾಗಿತ್ತು, ಯಾವುದರ ಕೆಳಗೆ ಗೇರುಬೀಜದವರು ಚೀಲ ಇಳಿಸಿ ಲಾರಿಗೆ ಕಾಯುತ್ತಿದ್ದರು, ಯಾವುದರ ಕಾಯಿ ಉಪ್ಪಿಗೆ ಹಾಕಿದರೆ ವರ್ಷವಾದರೂ ಮೆತ್ತಗಾಗುತ್ತಿರಲಿಲ್ಲ. ಅಕ್ಕ ನಡುವೆ, “ಅದರ ಪಕ್ಕ ಇನ್ನೊಂದು ಇತ್ತಲ್ಲೇ, ನಾರಿಂದು” ಎಂದು ಸೇರಿಸಿದಳು. ಫೋಟೋಗಳು ಉಳಿಯದಿದ್ದರೆ ಎಂಬ ಭಯಕ್ಕೆ ಆಯಿ ಒಮ್ಮೆ ಎಲ್ಲವನ್ನೂ ಬಾಯಲ್ಲಿ ಹೇಳಿ ನೋಡುತ್ತಿದ್ದಾಳೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದರೆ ಹೋಗಲಿ ಎಂದವಳು ಒಂದು ಮರವನ್ನೂ ಬಿಡಲಿಲ್ಲ.

“ಬಾಳೆಗುಳಿ ತಿರುವಿಂದು” ಎಂದಳು. “ಆ ದಿನ ನೀನೂ ಬಂದಿದ್ದೆ.”

“ನಾ ಎಲ್ಲಿ ಬಂದಿದ್ದೆ? ಆ ಬೇಸಿಗೆ ಇಡೀ ನಾ ಧಾರವಾಡದಲ್ಲೇ ಇದ್ದೆ. ನಿನ್ನ ಸಂಗ್ತಿ ಒಂದು ದಿನವೂ ಬರ್ಲಿಲ್ಲ ಆಯಿ.”

“ಬಂದಿದ್ದೆ ಮಾರಾಯ. ಹುಳಿ ಅಂತ ಮುಖ ಕಿವುಚಿ ಉಗುಳಿದ್ದೆ.”

“ಇಲ್ಲ.”

“ಅದೂ ವಾದಾನಾ ಈಗ?” ಎಂದಳು ಅಕ್ಕ.

ಅಷ್ಟರಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಬಳಿಕ ಕಂಪನಿಯ ಗುರುತು ಕಾಣಿಸಿತು, ಅದರ ಕೆಳಗೆ ಸುತ್ತುವ ಚುಕ್ಕೆಗಳು, ಆಮೇಲೆ ವಿಂಡೋಸು. ಸಿಯ ಪಕ್ಕದಲ್ಲಿ ಡಿ ಬಂದು ಕೂತಿತ್ತು, ಖಾಲಿ, ಸಾರಿಸಿದ ಕೋಣೆಯ ಹಾಗೆ. ನಾನು ತಡ ಮಾಡದೆ ಲ್ಯಾಪ್‌ಟಾಪ್ ಮುಚ್ಚಿದೆ. ಕರೆಂಟ್ ಬಂದು, ಗುಡುಗು ಪೂರ್ತಿ ನಿಂತು, ಆಯಿ ಅಪ್ಪಣೆ ಕೊಟ್ಟ ಮೇಲೆಯೇ ಚಾರ್ಜರು ಬೋರ್ಡಿಗೆ ಹೋಯಿತು. ಮರಗಳನ್ನು ಡಿಗೆ ಸಾಗಿಸುವ ಕೆಲಸವನ್ನು ಆಯಿ ನನ್ನ ಕೈಗೆ ಕೊಡಲಿಲ್ಲ. ತಾನೇ ಕೂತು ಒಂದೊಂದೇ ಫೋಲ್ಡರ್ ಎಳೆದು ಬಿಟ್ಟಳು, ಪ್ರತಿಯೊಂದನ್ನೂ ಅಲ್ಲಿ ತೆರೆದು ನೋಡಿದಳು. ನಾನು ಹಲಸಿನ ತೊಳೆ ತಿನ್ನುತ್ತ ಕೂತಿದ್ದೆ. “ಈಗ ನಿಶ್ಚಿಂತೆ” ಎಂದಳು. ಎರಡೂ ಒಂದೇ ಡಿಸ್ಕ್ ಎಂದು ನಾನು ಮತ್ತೆ ಹೇಳಲಿಲ್ಲ.

ಮುಂದಿನ ಭಾನುವಾರ ಖಾಲಿ ಡಿಸ್ಕು ಮರೆಯದೆ ಒಯ್ದೆ. ಆಯಿ ಮೀನು ತರಲು ಪೇಟೆಗೆ ಹೋಗಿದ್ದಳು. ಕಾಪಿ ನಡೆಯುತ್ತಿದ್ದಾಗ ಸುಮ್ಮನಿರಲಾಗದೆ ಬಾಳೆಗುಳಿಯ ಫೋಲ್ಡರನ್ನು ತೆರೆದೆ. ಇಡೀ ಮರ, ಅದರ ಮೈಮೇಲಿನ ನಂಬರು, ಎಲೆ. ಆಮೇಲಿನ ಚಿತ್ರದಲ್ಲಿ ಅಂಗೈಯ ಮೇಲೆ ಕಾಯಿ, ಅದು ಉರುಳದಂತೆ ಮೇಲಿನಿಂದ ಒತ್ತಿ ಹಿಡಿದ ಹೆಬ್ಬೆರಳು. ಬಳೆಯಿಲ್ಲದ ಕೈ. ಚಿತ್ರವನ್ನು ದೊಡ್ಡದು ಮಾಡಿ, ನನ್ನ ಎಡಗೈಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಎರಡು ಸಲ ನೋಡಿದೆ. ಉಗುರಿನ ಬುಡದಿಂದ ತುದಿಯವರೆಗೆ ಓರೆಯಾಗಿ ಅದೇ ಗೀರು. ಆ ಕೈ ನನ್ನದು.