ಹುಲ್ಲಿಗೆ ತಕ್ಕ ಮೈ

ಅಂಗಿ ಕೊಳ್ಳುವಾಗ ನಾನು ಮೊನ್ನೆಮೊನ್ನೆಯವರೆಗೂ ನನ್ನ ಮೈಗಿಂತ ಒಂದು ಅಳತೆ ದೊಡ್ಡದನ್ನೇ ಆರಿಸುತ್ತಿದ್ದೆ. ಕಲ್ಯಾಣ ಸ್ಟೇಷನ್ ಹೊರಗಿನ ಅಂಗಡಿಯವನು ಭುಜದ ಹೊಲಿಗೆ ತೋಳಿಗಿಳಿದದ್ದನ್ನು ತೋರಿಸಿ ತಲೆಯಾಡಿಸಿದರೂ, ಇರಲಿ ಎಂದು ಕಟ್ಟಿಸಿಕೊಂಡು ಬರುತ್ತಿದ್ದೆ. ಮಹಾಪೆಯ ಕಚೇರಿಯಲ್ಲಿ ಅರ್ಧ ತುಂಬಿದ ಜೋಳದ ಚೀಲದಂತೆ ಓಡಾಡುವ ನನ್ನನ್ನು ಕಂಡು ಜತೆಯವರು ನಗುವುದಿತ್ತು. ನೀವೂ ನಕ್ಕರೆ ಬೇಸರವಿಲ್ಲ. ಶಾಲೆಯ ಅಂಗಿ ಹೊಲಿಸುವಾಗ ಅವ್ವ ಮುಂದೆ ಬೆಳೆಯಲಿರುವ ಮೈಯನ್ನು ಅಳೆಸುತ್ತಿದ್ದಳೇ ಹೊರತು ಎದುರಿಗೆ ನಿಂತ ಮೈಯನ್ನಲ್ಲ. ನಮ್ಮ ವಂಶದ ಮೊದಲ ಪದವಿ ನನ್ನದು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಪದವಿ ಬಂದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಈ ಚಟ ಅಂಗಿಗಷ್ಟೇ ಸೀಮಿತವೆಂದುಕೊಂಡಿದ್ದೆ. ಕೋಣಗಳವರೆಗೂ ಹಬ್ಬುತ್ತದೆಂದು ತಿಳಿದದ್ದು ಭಾವನಿಂದ.

ಭಾವ ಹಣಮಂತ, ಅಂದರೆ ನನ್ನ ಅಕ್ಕನ ಗಂಡ, ಕಲಬುರಗಿ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ವರ್ಷಗಟ್ಟಲೆ ಲಾರಿಗಳಿಗೆ ಚೀಲ ಹೊತ್ತವನು. ಇನ್ನು ಭಾರ ಎತ್ತಿದರೆ ನಡೆಯುವುದೂ ಕಷ್ಟವೆಂದು ಡಾಕ್ಟರು ಅವನ ಸೊಂಟ ನೋಡಿ ಹೇಳಿದ ಮೇಲೆ ಬೇರೆ ದಾರಿ ಹಿಡಿದ. ಕಲ್ಯಾಣದ ಸುತ್ತಲಿನ ತಬೇಲಾಗಳಲ್ಲಿ, ಅಂದರೆ ಹಾಲಿನವರ ಎಮ್ಮೆ ಕೊಟ್ಟಿಗೆಗಳಲ್ಲಿ, ಹಾಲು ಕೊಡದ ಗಂಡುಗಳನ್ನು ಕೇಳುವವರಿಲ್ಲ. ಅವುಗಳಲ್ಲಿ ತಕ್ಕಮಟ್ಟಿಗೆ ಬಲಿತವನ್ನು ಮಳೆಗಾಲದ ಆರಂಭದಲ್ಲಿ ತಂದು, ಅಂಬರನಾಥದಾಚೆಯ ಗುಡ್ಡದಲ್ಲಿ ಮೇಯಿಸಿ, ದೀಪಾವಳಿ ಕಳೆದು ಹುಲ್ಲು ಒಣಗುವ ಮೊದಲು ಮಾಂಸದ ವ್ಯಾಪಾರಿಗೆ ಕೊಡುವುದು ಅವನ ಕಸುಬು. ಹಿಂಡಿಯಿಲ್ಲ, ಕಾಳಿಲ್ಲ, ಬರೀ ಹುಲ್ಲಿನಿಂದ ತುಂಬಿಕೊಂಡ ಮಾಂಸದ ರುಚಿಯೇ ಬೇರೆ. ಮೂಗು ಮುರಿಯುವವರು ಮುರಿಯಲಿ. ಅವ್ವ ಎಲುಬಿನ ಸಾರು ಕುಡಿಸಿಯೇ ನನ್ನನ್ನು ಪರೀಕ್ಷೆಗೆ ಕಳಿಸುತ್ತಿದ್ದಳು, ನಾನು ಪಾಸಾದದ್ದು ಆ ಸಾರಿನ ಬಲದಿಂದ.

ಹೋದ ವರ್ಷ ಭಾವ ತಂದವು ನೋಡಲು ಭವ್ಯವಾದ, ಉದ್ದಗಾಲಿನ ಕೋಣಗಳು. ಹುಲ್ಲು ಹಳದಿಗೆ ತಿರುಗಿದಾಗ ಅವು ಇನ್ನೂ ಎಲುಬು ಬೆಳೆಸಿಕೊಳ್ಳುವುದರಲ್ಲೇ ಮಗ್ನವಾಗಿದ್ದವು. ವ್ಯಾಪಾರಿ ಬಾಲದ ಬುಡವನ್ನು ಬೆರಳಿನಿಂದ ಒತ್ತಿ ನೋಡಿದ. ಕೊಬ್ಬು ಸಿಗಲಿಲ್ಲ, ಕೊಳ್ಳದೆ ಹೊರಟುಹೋದ. ಅವು ಕೊನೆಗೆ ಸಿಕ್ಕ ಬೆಲೆಗೆ ಹೋದವು. ಈ ವರ್ಷವೂ ಹಾಗಾದರೆ ಭಾವ ಮತ್ತೆ ಚೀಲಕ್ಕೆ ಬೆನ್ನು ಕೊಡಬೇಕಿತ್ತು, ಆ ಬೆನ್ನು ತಡೆಯುವಂತಿರಲಿಲ್ಲ.

ಆದ್ದರಿಂದ ಈ ಸಲ ನಾನೂ ಅಕ್ಕನೂ ಅವನ ಜತೆ ತಬೇಲಾಕ್ಕೆ ಹೋದೆವು. ಭಾವ ಒಂದೊಂದು ಕೋಣದ ಪಕ್ಕ ನಿಂತು ಅದರ ಹೆಗಲು ತನ್ನ ಎದೆಗೆ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದ, ನಡೆಸಿ ಹೆಜ್ಜೆ ಅಳೆಯುತ್ತಿದ್ದ. ಆಗ ನನಗೆ ಹೊಳೆಯಿತು. ಊರಲ್ಲಿ ಗೌಡರ ಆಳಾಗಿ ಸಂತೆಗೆ ಹೋಗಿ ಎತ್ತು ಆರಿಸಿ ಪಳಗಿದ ಕಣ್ಣು ಅದು. ನೊಗ ಹೊರುವ ಹೆಗಲನ್ನು, ದೂರ ಹೋಗುವ ಕಾಲನ್ನು ಮಾತ್ರ ಕಾಣುತ್ತದೆ. ದೊಡ್ಡ ಮೈ ಮೊದಲು ಎಲುಬಿಗೆ ತಿನ್ನುತ್ತದೆ, ಆಮೇಲೆ ಮಾಂಸಕ್ಕೆ, ಎಲ್ಲಕ್ಕಿಂತ ಕೊನೆಗೆ ಕೊಬ್ಬಿಗೆ. ಅಷ್ಟು ಕಾಲ ಕಾಯುವ ಹುಲ್ಲು ನಮ್ಮಲ್ಲಿಲ್ಲ. ತೀರ ಕುಳ್ಳಲ್ಲದಿದ್ದರೂ ಗಿಡ್ಡಗಾಲಿನ, ಅಗಲೆದೆಯ, ದೊಡ್ಡ ಹೊಟ್ಟೆಯ ಪ್ರಾಣಿಯಾದರೆ ಹಸಿರಿರುವಷ್ಟರಲ್ಲೇ ತುಂಬಿಕೊಳ್ಳುತ್ತದೆ ಎಂದು ನಾನು ಸಾಕಷ್ಟು ದೀರ್ಘವಾದ ಭಾಷಣವನ್ನೇ ಮಾಡಿದೆ.

"ಏ ಡಿಗ್ರಿ ಸಾಹೇಬ, ಇಂಥವು ಹೊಡಕೊಂಡು ಹೋದ್ರ ದಿವಾದಾಗಿನ ನಮ್ಮ ಓಣಿ ಮಂದಿ ಹಣಮಂತ ಕುರಿ ತಂದಾನ ಅಂತಾರ," ಎಂದ ಭಾವ.

ಅಕ್ಕ, "ಗಳೆ ಹೂಡೋರಂಗ ನೋಡಬ್ಯಾಡ್ರಿ. ಉಣ್ಣೋರಂಗ ನೋಡ್ರಿ," ಎಂದಳು.

ಭಾವ ಒಪ್ಪಿದ, ತನ್ನ ಮನಸ್ಸಿಗಾಗಿ ಒಂದು ಎತ್ತರದ ಕೋಣವೂ ಇರಲೆಂಬ ಷರತ್ತಿನ ಮೇಲೆ.

ದೀಪಾವಳಿ ಕಳೆಯಿತು. ವ್ಯಾಪಾರಿ ಬಂದು ಬಾಲದ ಬುಡ ಒತ್ತಿದ. ಬೆರಳು ಮೆತ್ತಗೆ ಒಳಗಿಳಿಯಿತು. ಗಿಡ್ಡ ಕೋಣಗಳನ್ನೆಲ್ಲ ಟೆಂಪೋ ಹತ್ತಿಸುವಾಗ ಅಕ್ಕ ಒಂದೊಂದರ ಮೂತಿ ಸವರಿದಳು. ಭಾವ ಅತ್ತ ನೋಡದೆ ಕೈ ತೊಳೆಯುತ್ತ ನಿಂತ. ಉಣ್ಣುವ ನಾವೇ ಸಾಕುವವರೂ ಆದಾಗ ಆ ಗಳಿಗೆಯಿಂದ ತಪ್ಪಿಸಿಕೊಳ್ಳಲಾಗದು. ಉಳಿದದ್ದು ಎತ್ತರದ್ದೊಂದೇ, ಪಕ್ಕೆಲುಬು ಕಾಣುತ್ತಿತ್ತು. ಭಾವ ಅದರ ಕೊರಳು ತುರಿಸುತ್ತ ನನ್ನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ.

"ಇದೂ ನಿನ್ನಂಗ ನೋಡಪಾ. ಹುಲ್ಲು ಮುಗೀತು, ಇದರದು ಬೆಳಿಯೋದು ಮುಗೀಲಿಲ್ಲ."

ಎಷ್ಟೋ ದಿನಗಳ ಮೇಲೆ ಅವನು ನಕ್ಕದ್ದು ಅಂದು. ಚೀಲಗಳು ಈ ವರ್ಷ ಬೇರೆ ಬೆನ್ನು ಹುಡುಕಿಕೊಳ್ಳಬೇಕು. ಎತ್ತರದ ಕೋಣವನ್ನೂ ಅವನು ಕೈಬಿಡಲಿಲ್ಲ. ಬರುವ ಮಳೆಗೆ ಇನ್ನೊಂದು ಹುಲ್ಲು ಇದ್ದೇ ಇದೆ ಎಂದ. ಆ ಮಾತು ನನ್ನಲ್ಲಿ ಉಳಿಯಿತು. ಅವ್ವನ ಅಳತೆ ತಪ್ಪಿರಲಿಲ್ಲ. ಮತ್ತೊಂದು ಅಂಗಿ ಬಂದೀತೆಂಬ ಭರವಸೆ ಅವಳಿಗೆ ಇರಲಿಲ್ಲ, ನನಗಿದೆ, ಅಷ್ಟೆ.

ಮೊನ್ನೆ ಕಲ್ಯಾಣದ ಅದೇ ಅಂಗಡಿಯಲ್ಲಿ ನನ್ನ ಮೈಯಷ್ಟೇ ಇರುವ ಅಂಗಿ ಕೇಳಿದೆ. ಹೊಲಿಗೆ ಭುಜದ ಮೇಲೇ ಕೂತಿತು. ಒಳಗೆ ಎಲ್ಲೂ ಜಾಗವಿಲ್ಲದೆ ಕೊಂಚ ಉಸಿರುಕಟ್ಟಿದಂತಾಯಿತು, ಆದರೂ ಬಿಚ್ಚಲಿಲ್ಲ. ಹಾಗೆಯೇ ತೊಟ್ಟುಕೊಂಡು ಮನೆಗೆ ಹೋಗುವ ದಿವಾ ಗಾಡಿ ಹತ್ತಿದೆ.