ಹಜಿರಾ ಬೀ ಓದಿದ ವೀಸಾ

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಬಸವಕಲ್ಯಾಣದ ಹಜಿರಾ ಬೀ ತಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಹುಡುಗಿಯರಿಗೆ ಕುರಾನ್ ಓದಲು ಕಲಿಸತೊಡಗಿದರು. ಇಪ್ಪತ್ತೆರಡು ವರ್ಷ ಕಲಿಸಿದರು. ಉಚ್ಚಾರ ಕೂದಲೆಳೆಯಷ್ಟು ತಪ್ಪಿದರೂ ಬೆತ್ತ ನೆಲಕ್ಕೆ ಬಡಿಯುತ್ತಿತ್ತು. ಅರ್ಥ ಮಾತ್ರ ಅವರೂ ಕಲಿತಿರಲಿಲ್ಲ. ತಾಯಿ ಅವರಿಗೆ ಕಲಿಸಿದ್ದೂ ಹಾಗೆಯೇ, ಓದುವುದೇ ಪುಣ್ಯ. ಊರಿಗೆ ಇದೆಲ್ಲಿ ಗೊತ್ತು? ಊರಿನ ಪಾಲಿಗೆ ಅವರು ಅರಬ್ಬಿ ಬಲ್ಲ ಆಪಾ, ಹಿರಿಯಕ್ಕ. ಹೊಗಳಿಕೆ ಯಾರಿಗೆ ಬೇಡ? ಅವರೂ ತಿದ್ದಲು ಹೋಗಲಿಲ್ಲ.

೧೯೭೮ರಲ್ಲಿ ಹುಡಗಿ ಎಂಬ ಹಳ್ಳಿಯ ಸರುಬಾಯಿ ಮಗ ಮಲ್ಲಿಕಾರ್ಜುನನನ್ನು ಕರೆದುಕೊಂಡು ಬಂದಳು. ಗೋಡೆ ಕಟ್ಟುವ ಗೌಂಡಿ ಕೆಲಸದ ಹುಡುಗ. ಬೊಂಬಾಯಿಯ ಏಜೆಂಟನೊಬ್ಬ ಅವನಿಗೆ ಗಲ್ಫಿನ ವೀಸಾ ಕೊಡಿಸಿದ್ದ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರು ಟೈಪಿಂಗ್ ಮಷೀನ್ ಇಟ್ಟುಕೊಂಡು ಪಾಸ್‌ಪೋರ್ಟ್ ಅರ್ಜಿ ತುಂಬುವ ದೇವಿದಾಸ, ಅರಬ್ಬಿ ತನಗೆ ಬಾರದೆಂದು ಅವರನ್ನು ಇಲ್ಲಿಗೆ ಕಳಿಸಿದ್ದ.

"ವೀಸಾದಾಗ ಜಾತಿ ಅದಾವಂತ್ರಿ ಆಪಾ," ಎಂದಳು ಸರುಬಾಯಿ. "ನೋಡಿ ಬರಾಕ ಒಂದು, ದುಡಿಯಾಕ ಒಂದು. ನೋಡಿ ಬರೋ ವೀಸಾದಾಗ ದುಡಿದ್ರ ಜೇಲಿಗೆ ಹಾಕ್ತಾರಂತ. ಇದು ಯಾವುದದ ಅಂತ ಓದಿ ಹೇಳ್ರಿ."

ಹಜಿರಾ ಬೀ ಕೈ ತೊಳೆದು, ಸೆರಗು ತಲೆಗೆ ಎಳೆದುಕೊಂಡು, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ತಾಯಿ ಮಗ ಇಬ್ಬರೂ ಕೈ ಮುಗಿದು ಕೇಳಿದರು. ವೀಸಾ ಕಾಗದಕ್ಕೆ ಕೈ ಮುಗಿದವರನ್ನು ಕಂಡರೆ ಅದನ್ನು ಕೊಟ್ಟ ಕಚೇರಿಯವರೇ ನಗುತ್ತಿದ್ದರೇನೋ!

"ದುಡಿಯಾದೇ ಹೌದಲ್ರಿ?"

ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಪಕ್ಕದಲ್ಲಿ ಹತ್ತು ಹುಡುಗಿಯರು ಕೂತು ನೋಡುತ್ತಿದ್ದರು. ಇಷ್ಟು ದೊಡ್ಡ ಮೊಹರಿನ ಕಾಗದ ಸುಳ್ಳಿರಲಾರದು ಎಂದು ತಮಗೆ ತಾವೇ ಹೇಳಿಕೊಂಡು, "ಹೌದು, ಅದೇ ಅದ," ಅಂದುಬಿಟ್ಟರು. ಮರುವಾರವೇ ಹುಡುಗ ಹೊರಟುಹೋದ.

ಅಂದಿನಿಂದ ಆ ಮಾತು ಅವರಿಗೆ ನುಂಗಲಾರದ ತುತ್ತಾಯಿತು. ಪಾಠದ ನಡುವೆ ಬಾಗಿಲು ಸಪ್ಪಳವಾದರೆ ಸರುಬಾಯಿಯೇ ಬಂದಳೇನೋ ಎಂದು ಇಣುಕಿ ನೋಡುತ್ತಿದ್ದರು. ಆರನೆಯ ತಿಂಗಳಿಗೆ ಸರುಬಾಯಿ ಒಬ್ಬಳೇ ಬಂದಳು. ಮಲ್ಲಿಕಾರ್ಜುನನ ಪತ್ರವನ್ನು ದೇವಿದಾಸ ಓದಿ ಹೇಳಿದ್ದನಂತೆ: ಅದು ತೊಂಬತ್ತು ದಿನ ನೋಡಿ ಬರುವ ವೀಸಾ. ಗೋಡೆ ಕಟ್ಟುತ್ತಿದ್ದಾಗಲೇ ಹಿಡಿದು ಜೇಲಿಗೆ ಹಾಕಿದ್ದಾರೆ. ಪತ್ರದ ಜೊತೆ ಜೇಲಿನವರ ಅರಬ್ಬಿ ಕಾಗದವೂ ಒಂದಿತ್ತು.

ಬೈಯಲಿ ಎಂದು ಹಜಿರಾ ಬೀ ತಲೆ ತಗ್ಗಿಸಿದರು. ಅವಳು ಬೈಯಲಿಲ್ಲ.

"ಆ ಏಜೆಂಟ್ ಹಲ್ಕಟ್ ಆಮೇಲೆ ಕಾಗದಾನೇ ಬದಲ್ ಮಾಡ್ಯಾನ್ರಿ ಆಪಾ. ನೀವು ಓದಿದ್ದು ಬ್ಯಾರೆನೇ ಇತ್ತು. ಇದರಾಗ ಯಾವಾಗ ಬಿಡ್ತಾರಂತ ಬರ್ದಾರ ನೋಡ್ರಿ."

ಈ ನಂಬಿಕೆಗಿಂತ ಬೆತ್ತದ ಏಟೇ ವಾಸಿಯಿತ್ತು. ಹುಡುಗಿಯರ ಎದುರಿಗೇ ಹಜಿರಾ ಬೀ ಹೇಳಿದರು: "ಯಾರೂ ಬದಲ್ ಮಾಡಿಲ್ಲ ಸರುಬಾಯಿ. ನನಗ ಓದಾಕ ಬರ್ತದ, ತಿಳಿಯಂಗಿಲ್ಲ. ಅವತ್ತೂ ತಿಳಿದಿಲ್ಲ. ಸುಳ್ಳು ಹೇಳೀನಿ."

ಸರುಬಾಯಿ ಚಾಚಿದ್ದ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡಳು.

"ಅವತ್ತ ಇಷ್ಟ ಹೇಳಿದ್ರ ಸಾಕಿತ್ತಲ್ರಿ. ಬೀದರಿಗೆ ಹೋಗಿ ಮೌಲ್ವಿಸಾಬರನ್ನ ಕೇಳ್ತಿದ್ದೆವು."

"ಈಗ ಹೋಗೋಣ, ನಾನೂ ಬರ್ತೀನಿ," ಎಂದು ಹಜಿರಾ ಬೀ ಎದ್ದು ಬುರ್ಖಾ ತೆಗೆದುಕೊಂಡರು. ಕಾಗದ ಮಡಿಸುತ್ತಿದ್ದ ಸರುಬಾಯಿ ಅದನ್ನು ಮತ್ತೆ ಬಿಚ್ಚಿ ಹಿಡಿದಳು.

"ಇದರಾಗ ನನ್ನ ಮಗನ ಹೆಸರು ಎಲ್ಲ್ಯದ? ಅದಾದ್ರೂ ತಿಳೀತದಲ್ರಿ?"

ಹಜಿರಾ ಬೀ ಬೆರಳಿಟ್ಟು ಹುಡುಕಿದರು. ಮೂರನೆಯ ಸಾಲಿನಲ್ಲಿತ್ತು. ಇಪ್ಪತ್ತೆರಡು ವರ್ಷ ಅಕ್ಷರ ತಪ್ಪದ ಆಪಾ ಆ ಒಂದು ಹೆಸರನ್ನು ಹೊಸದಾಗಿ ಕಲಿಯುವ ಹುಡುಗಿಯಂತೆ ಮೂರು ಸಲ ತಡವರಿಸಿ ಓದಿದರು.